ರಾಕ್ಷಸರ ಪೂರ್ವಕಥೆ

ಅನ್ಯಗ್ರಹದ ಜನಾಂಗವೊಂದನ್ನು ಕಲ್ಪಿಸುವ ವಿಜ್ಞಾನ ಕಾದಂಬರಿಗಳ ಅಭಿಮಾನಿಗಳು ಆ ಜನಾಂಗದ ಮೂಲವೇನೆಂದು ತಮ್ಮೊಳಗೆ ವಾದಿಸುವುದುಂಟು. ವರ್ಕಾಡಿ, ಮಂಜೇಶ್ವರ, ಕುಂಬಳೆಗಳ ಕಡೆಯ ನಮಗೆ ಇದು ಹೊಸತಲ್ಲ. ತಾಳಮದ್ದಳೆ ಕೇಳಿ ಮರಳುವ ರಸಿಕರು ರಾಕ್ಷಸರ ವಿಷಯದಲ್ಲಿ ಇದೇ ಚರ್ಚೆಯನ್ನು ಮಾಡುತ್ತ ಬಂದಿದ್ದಾರೆ. ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳ ಪದ್ಯ ಚಿಕ್ಕದು. ಅರ್ಥಧಾರಿಯ ಆಶುಭಾಷಣ ದೊಡ್ಡದು. ಪದ್ಯವು ಹೇಳದೆ ಬಿಟ್ಟ ಪೂರ್ವಕಥೆಯನ್ನು ಅವನು ತಾನು ಓದಿದ ಗ್ರಂಥದಿಂದ ತುಂಬುತ್ತಾನೆ. ವಾದ ಹುಟ್ಟುವುದು ಅಲ್ಲಿಯೇ.

ಉತ್ತರಕಾಂಡದಲ್ಲಿ ಅಗಸ್ತ್ಯರು ರಾಮನಿಗೆ ಹೇಳುವಂತೆ, ಬ್ರಹ್ಮನು ನೀರನ್ನು ಸೃಷ್ಟಿಸಿ ಅದರ ಕಾವಲಿಗೆ ಜೀವಿಗಳನ್ನು ನಿರ್ಮಿಸಿದನು. ರಕ್ಷಿಸುವೆವೆಂದು ಒಪ್ಪಿದವರೇ ರಾಕ್ಷಸರಾದರು. ಭಾಗವತದ ಪ್ರಕಾರ ರಾವಣ ಕುಂಭಕರ್ಣರು ಶಾಪಗ್ರಸ್ತರಾದ ವೈಕುಂಠದ ದ್ವಾರಪಾಲಕರು. ಸುಮಾರು 1100ರ ನಾಗಚಂದ್ರನ 'ರಾಮಚಂದ್ರಚರಿತಪುರಾಣ'ದಲ್ಲಾದರೋ ರಾಕ್ಷಸವೆಂಬುದು ವಿದ್ಯಾಧರರ ಒಂದು ವಂಶದ ಹೆಸರು. ರಾವಣನು ಪರಸ್ತ್ರೀಮೋಹದಿಂದ ಕೆಟ್ಟು ಪಶ್ಚಾತ್ತಾಪಪಟ್ಟ ಮಹಾಪುರುಷ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ರಾವಣನ ಅರ್ಥವನ್ನು ಕೇಳಿದವರು ಇಂತಹ ರಾವಣನನ್ನು ಸುಲಭವಾಗಿ ತಳ್ಳಿಹಾಕಲಾರರು.

ಇವುಗಳಲ್ಲಿ ಯಾವುದು ನಿಜವೆಂದು ಕೇಳುವ ವಿದ್ಯಾರ್ಥಿಗೆ, ಯಾವ ಗ್ರಂಥದಲ್ಲಿ ಎಂದು ಮರುಪ್ರಶ್ನೆ ಹಾಕುವುದು ಉಪಾಧ್ಯಾಯನ ಮೊದಲ ಕೆಲಸ. ಆ ಮೇಲೆ ಮೂರನ್ನೂ ಹೋಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಕಾವಲುಗಾರರು, ದ್ವಾರಪಾಲಕರು, ವಿದ್ಯಾಧರರು—ಯಾರ ಮೂಲದಲ್ಲಿಯೂ ದುಷ್ಟತನವಿಲ್ಲ, ಕೇಡು ಬಂದುದು ನಡತೆಯಿಂದ. ಹಲವು ಭಾಷೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವ ಗಡಿನಾಡಿನ ಶಾಲೆಗಳಲ್ಲಿ ಈ ಮಾತನ್ನು ಬಿಡಿಸಿ ಹೇಳುವುದು ಅಗತ್ಯವೆಂದು ತೋರುತ್ತದೆ.