ಮುಂಬೈಯ ಸಂಜೆಗೆ ಮುಳಶಿಯ ನೀರು

ಸಂಜೆ ಏಳರಿಂದ ಹತ್ತು ಗಂಟೆ ರೇಡಿಯೋದವರಿಗಷ್ಟೇ ಅಲ್ಲ, ವಿದ್ಯುತ್ ಕೇಂದ್ರದವರಿಗೂ ಬಿಡುವಿಲ್ಲದ ಹೊತ್ತು. ನಿಮ್ಮ ಮನೆಯ ದೀಪ, ಟಿವಿ, ಮಿಕ್ಸಿ, ಎ.ಸಿ. ಎಲ್ಲಕ್ಕೂ ಒಟ್ಟಿಗೇ ಹಸಿವು. ಮಧ್ಯರಾತ್ರಿ ಕಳೆದರೆ ಬೇಡಿಕೆ ಇಳಿಯುತ್ತದೆ. ಆದರೆ ಕಲ್ಲಿದ್ದಲಿನ ಬಾಯ್ಲರನ್ನು ಗ್ಯಾಸ್ ಒಲೆಯಂತೆ ತಿರುವಿ ಆರಿಸಲಾಗುವುದಿಲ್ಲವಲ್ಲ! ಮಿಕ್ಕ ವಿದ್ಯುತ್ತನ್ನು ಎಲ್ಲಿಡುವುದು?

ಮುಂಬೈ ಕಂಡುಕೊಂಡ ಜಾಗ ಸಹ್ಯಾದ್ರಿಯ ನೆತ್ತಿ. ಘಟ್ಟದ ಮೇಲೆ ನಾಲ್ಕು ತಿಂಗಳು ಸುರಿಯುವ ಮಳೆಯನ್ನು ಕೆರೆ ಕಟ್ಟಿ ಹಿಡಿದು, ವರ್ಷವಿಡೀ ಕೆಳಗಿಳಿಸಿ ಹತ್ತಿ ಗಿರಣಿಗಳನ್ನು ಓಡಿಸಬೇಕೆಂಬುದು ಜಮ್ಷೆಡ್‌ಜಿ ಟಾಟಾ ಅವರ ಕನಸು. ಅವರು ತೀರಿಕೊಂಡದ್ದು 1904ರಲ್ಲಿ, ಖೋಪೋಲಿ ಕೇಂದ್ರ ಶುರುವಾದದ್ದು 1915ರಲ್ಲಿ. ನಂತರ ಭಿವಪುರಿ, 1927ರಲ್ಲಿ ಭೀರಾ.

ಭೀರಾದ ಕಥೆ ಅಷ್ಟು ಸಲೀಸಲ್ಲ. ಅದಕ್ಕೆ ನೀರು ಕೊಡುವ ಮುಳಶಿ ಕೆರೆಯಲ್ಲಿ ಮುಳುಗಿದ್ದು ಮಾವಳದ ರೈತರ ಊರುಗಳು, ಅಂಬೆಮೋಹರ ಭತ್ತಕ್ಕೆ ಹೆಸರಾದ ಸೀಮೆಯ ಗದ್ದೆಗಳು. 1921ರ ಏಪ್ರಿಲ್‌ನಲ್ಲಿ ರೈತರು, ಹೆಂಗಸರೂ ಸೇರಿ, ಅಣೆಕಟ್ಟಿನ ಜಾಗದಲ್ಲೇ ಸತ್ಯಾಗ್ರಹಕ್ಕೆ ಕುಳಿತರು. ಮುಂದಾಳು ಪಾಂಡುರಂಗ ಮಹಾದೇವ ಬಾಪಟ್. 'ಸೇನಾಪತಿ' ಎಂಬ ಬಿರುದು ಅವರಿಗೆ ಬಂದದ್ದು ಇಲ್ಲಿಂದಲೇ. ಜೈಲೂ ಆಯಿತು. 1924ರ ಹೊತ್ತಿಗೆ ಹೋರಾಟ ಸೋತಿತು, ಅಣೆಕಟ್ಟು ಎದ್ದಿತು. ಮುಂಬೈಯ ದೀಪದ ಲೆಕ್ಕ ಬರೆಯುವವರು ಈ ಪುಟವನ್ನು ಬೇಗ ಮಗುಚುತ್ತಾರೆಂಬುದು ನನ್ನ ತಕರಾರು.

ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ಮುಳಾ ನದಿ ಪುಣೆಯಲ್ಲಿ ಮುಠೆಯನ್ನು ಕೂಡಿ, ಭೀಮೆಗೆ ಸೇರಿ, ಕಲಬುರಗಿ ಸೀಮೆಗೆ ಬರುವಂಥದ್ದು. ಘಟ್ಟದಿಂದ ಪಶ್ಚಿಮಕ್ಕೆ ಇಳಿಸಿದ ನೀರು ಮಾತ್ರ ಕುಂಡಲಿಕಾ ಹಿಡಿದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಕೃಷ್ಣಾ ನೀರಿನ ಜಗಳದಲ್ಲಿ ಈ ಲೆಕ್ಕವೂ ಬಂದಿದೆ.

1990ರ ದಶಕದಲ್ಲಿ ಭೀರಾಕ್ಕೆ 150 ಮೆಗಾವಾಟಿನ ಹೊಸ ಯಂತ್ರ ಬಂತು. ಸಂಜೆ ಇದು ಟರ್ಬೈನು, ರಾತ್ರಿ ಪಂಪು! ಕೆಳಗಿಳಿದ ನೀರನ್ನೇ ಮಿಕ್ಕ ವಿದ್ಯುತ್ತಿನಿಂದ ಮತ್ತೆ ಮುಳಶಿಗೆ ಏರಿಸುತ್ತದೆ. ಇಂಥ ಕೇಂದ್ರಗಳಲ್ಲಿ ನಾಲ್ಕು ಯೂನಿಟ್ ಸುಟ್ಟರೆ ಸುಮಾರು ಮೂರು ವಾಪಸು. ನಷ್ಟವೇ, ಆದರೆ ಸಂಜೆಯ ಮೂರು ಯೂನಿಟ್ ನಡುರಾತ್ರಿಯ ನಾಲ್ಕಕ್ಕಿಂತ ಬೆಲೆಯುಳ್ಳದ್ದು.

ಚೆನ್ನೈ ಮಿತ್ರರೇ, ತಮಿಳುನಾಡಿನ ಕಡಂಪಾರೈಯಲ್ಲಿ 400 ಮೆಗಾವಾಟ್. ಹೈದರಾಬಾದಿನವರೇ, ಶ್ರೀಶೈಲದ ಎಡದಂಡೆಯಲ್ಲಿ 900 ಮೆಗಾವಾಟ್, ಇದೇ ಉಪಾಯ. ಈಗ ಸೌರವಿದ್ಯುತ್ ಹೆಚ್ಚಿ, ಪಂಪು ಮಾಡುವ ಹೊತ್ತು ನಡುರಾತ್ರಿಯಿಂದ ನಡುಹಗಲಿಗೆ ಸರಿಯುತ್ತಿದೆ. ನಮ್ಮ ಶರಾವತಿಯಲ್ಲಿ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಯೋಜನೆಯ ಪ್ರಸ್ತಾಪ ಬಂದಾಗ ಮೊದಲು ಎದ್ದ ಪ್ರಶ್ನೆಗಳು ಸಿಂಗಳೀಕಗಳ ಕಾಡಿನವು.