ನೀರಿನ ತಾಣದಲ್ಲಿ ಕೇಳಿದ ಕೂಗು: ಪೂರ್ವಾಗ್ರಹದ ಬೇರು ಮತ್ತು ಮದೀನಾದ ಪಾಠ

ಹಿಜರಿ 5ನೆಯ ವರ್ಷ. ಕೆಲವು ಚರಿತ್ರೆಕಾರರ ಪ್ರಕಾರ 6ನೆಯ ವರ್ಷ. ಬನೂ ಮುಸ್ತಲಿಕ್ ಗೋತ್ರದ ವಿರುದ್ಧದ ದಂಡಯಾತ್ರೆ ಮುಗಿಸಿದ ಮುಸ್ಲಿಮ್ ಸೇನೆಯು ಮುರೈಸೀ ಎಂಬ ನೀರಿನ ತಾಣದ ಬಳಿ ಬೀಡುಬಿಟ್ಟಿತ್ತು. ನೀರಿಗಾಗಿ ನಡೆದ ನೂಕುನುಗ್ಗಲಿನಲ್ಲಿ ಇಬ್ಬರು ಜಗಳವಾಡಿದರು. ಒಬ್ಬರು ಹಝ್ರತ್ ಉಮರ್(ರ)ರವರ ಕುದುರೆಯನ್ನು ನೋಡಿಕೊಳ್ಳುತ್ತಿದ್ದವರು; ಇನ್ನೊಬ್ಬರು ಅನ್ಸಾರರ ಮಿತ್ರಗೋತ್ರದವರು. ಪೆಟ್ಟು ಬಿದ್ದೊಡನೆ ಒಬ್ಬರು ‘ಓ ಅನ್ಸಾರರೇ!’ ಎಂದು ಕೂಗಿದರು. ಮತ್ತೊಬ್ಬರು ‘ಓ ಮುಹಾಜಿರರೇ!’ ಎಂದರು. ಇಬ್ಬರ ಜಗಳವು ಕ್ಷಣಮಾತ್ರದಲ್ಲಿ ಎರಡು ಪಂಗಡಗಳ ಜಗಳವಾಗುವ ಹಂತಕ್ಕೆ ಬಂದಿತು.

ಪ್ರವಾದಿವರ್ಯರು(ಸ) ಇದನ್ನು ಅಜ್ಞಾನಕಾಲದ ಕರೆಯೆಂದು ಖಂಡಿಸಿದರು; ದುರ್ನಾತ ಬೀರುವ ಆ ಕೂಗನ್ನು ಬಿಟ್ಟುಬಿಡುವಂತೆ ಆಜ್ಞಾಪಿಸಿದರು. ಇಲ್ಲಿ ನಾವು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮುಹಾಜಿರ್ ಮತ್ತು ಅನ್ಸಾರ್ ಎಂಬುವು ಪವಿತ್ರ ಕುರ್‌ಆನ್ ಪ್ರಶಂಸಿಸಿದ ಹೆಸರುಗಳು. ದೋಷವಿದ್ದುದು ಹೆಸರಿನಲ್ಲಲ್ಲ, ನ್ಯಾಯಾನ್ಯಾಯವನ್ನು ವಿಚಾರಿಸದೆ ಪಕ್ಷ ಕಟ್ಟಲು ಆ ಹೆಸರನ್ನು ಬಳಸಿದುದರಲ್ಲಿ.

ಮನುಷ್ಯನ ಈ ದೌರ್ಬಲ್ಯವನ್ನು ಆಧುನಿಕ ಮನಶ್ಶಾಸ್ತ್ರವು ಕಳೆದ ಶತಮಾನದಲ್ಲಿ ಪರೀಕ್ಷೆಗೊಡ್ಡಿತು. ಹೆನ್ರಿ ತಾಜ್‌ಫೆಲ್ ಎಂಬ ವಿದ್ವಾಂಸರು ಪೋಲೆಂಡಿನ ಯಹೂದಿ ಕುಟುಂಬದಲ್ಲಿ ಜನಿಸಿದವರು. ಎರಡನೆಯ ಮಹಾಯುದ್ಧದ ನರಮೇಧದಲ್ಲಿ ತಮ್ಮ ಬಂಧುಗಳನ್ನು ಕಳೆದುಕೊಂಡವರು. 1970ರ ಸುಮಾರಿಗೆ ಅವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲಾ ಬಾಲಕರನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ಯಾವ ಚಿತ್ರಕಾರನ ಚಿತ್ರ ಮೆಚ್ಚುಗೆಯಾಯಿತೆಂಬ ಕ್ಷುಲ್ಲಕ ನೆಪವೇ ಅಲ್ಲಿ ಸಾಕಾಯಿತು. ತಮ್ಮ ಗುಂಪಿನಲ್ಲಿ ಯಾರಿದ್ದಾರೆಂದು ಸಹ ತಿಳಿಯದ ಆ ಬಾಲಕರು ಹಣ ಹಂಚುವಾಗ ಸ್ವಂತ ಗುಂಪಿನ ಪರ ವಹಿಸಿದರು. ಅಷ್ಟೇ ಅಲ್ಲ, ತಮ್ಮವರಿಗೆ ಸ್ವಲ್ಪ ಕಡಿಮೆ ದೊರೆತರೂ ಸರಿ, ಎದುರು ಗುಂಪಿಗಿಂತ ಹೆಚ್ಚಾಗಿರಲಿ ಎಂಬ ಒಲವನ್ನೂ ತೋರಿಸಿದರು. ಹಳೆಯ ವೈರವಾಗಲಿ, ಭೂಮಿಯ ತಕರಾರಾಗಲಿ ಅಲ್ಲಿರಲಿಲ್ಲ. ‘ನಾವು’ ಮತ್ತು ‘ಅವರು’ ಎಂಬ ಗೆರೆಯೊಂದೇ ಸಾಕಾಗಿತ್ತು.

ಮುಝಫರ್ ಶರೀಫ್ ಟರ್ಕಿಯ ಇಝ್ಮಿರ್ ಪ್ರಾಂತ್ಯದಲ್ಲಿ ಜನಿಸಿದವರು. ಗ್ರೀಕರು ಮತ್ತು ತುರ್ಕರ ನಡುವಿನ ರಕ್ತಪಾತವನ್ನು ಎಳೆಯ ವಯಸ್ಸಿನಲ್ಲೇ ಕಂಡವರು. 1954ರಲ್ಲಿ ಅವರು ಅಮೆರಿಕದ ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ 22 ಬಾಲಕರನ್ನು ಎರಡು ತಂಡ ಮಾಡಿದರು. ಎಲ್ಲರೂ ಒಂದೇ ವರ್ಣ, ಒಂದೇ ಧರ್ಮ, ಒಂದೇ ಅಂತಸ್ತಿನವರು. ಬಹುಮಾನದ ಆಸೆಯೊಡ್ಡಿ ಸ್ಪರ್ಧೆ ಏರ್ಪಡಿಸಿದೊಡನೆ ಬೈಗುಳ, ಧ್ವಜ ಸುಡುವಿಕೆ, ಕೋಣೆಗಳ ಮೇಲೆ ದಾಳಿ ಆರಂಭವಾದವು. ಆ ಸ್ಪರ್ಧೆಯನ್ನು ಒದಗಿಸಿದವರು ಹಿರಿಯರೇ ಎಂಬುದನ್ನು ನಾವು ಮರೆಯಬಾರದು. ಬಳಿಕ ಇಬ್ಬರನ್ನೂ ಒಟ್ಟಿಗೆ ಊಟಕ್ಕೆ ಕೂರಿಸಿದರೆ ಅಲ್ಲಿಯೂ ಜಗಳವೇ ನಡೆಯಿತು. ಕೊನೆಗೆ ಶಿಬಿರದ ನೀರು ನಿಂತಿತು. ಕಾರಣ ಹುಡುಕಲು, ಕೆಟ್ಟು ನಿಂತ ಲಾರಿಯನ್ನು ಹಗ್ಗ ಕಟ್ಟಿ ಎಳೆಯಲು ಎರಡೂ ತಂಡಗಳ ಕೈಗಳು ಸೇರಬೇಕಾಯಿತು. ಇಂತಹ ಕೆಲಸಗಳಿಂದ ವೈರವು ಕ್ರಮೇಣ ಕರಗಿತು. ಅದೇ ವರ್ಷ ಗಾರ್ಡನ್ ಆಲ್‌ಪೋರ್ಟ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಬರಿಯ ಭೇಟಿಯಿಂದ ಪೂರ್ವಾಗ್ರಹ ಅಳಿಯದು; ಸಮಾನ ಸ್ಥಾನ, ಸಮಾನ ಗುರಿ, ಸಹಕಾರ, ಮುಖಂಡರ ಬೆಂಬಲ ಇವು ಬೇಕೆಂದು ಪ್ರತಿಪಾದಿಸಿದರು.

ಈಗ ಮದೀನಾದ ಕಡೆಗೆ ದೃಷ್ಟಿ ಹರಿಸೋಣ. ಔಸ್ ಮತ್ತು ಖಝ್‌ರಜ್ ಗೋತ್ರಗಳು ಹಿಜ್‌ರಾಕ್ಕೆ ಕೆಲವೇ ವರ್ಷಗಳ ಹಿಂದೆ ಬುಆಸ್ ಯುದ್ಧದಲ್ಲಿ ಪರಸ್ಪರರ ರಕ್ತ ಹರಿಸಿದ್ದವು. ಪ್ರವಾದಿವರ್ಯರು(ಸ) ಅಲ್ಲಿ ಮೊದಲು ಕಟ್ಟಿದ್ದು ಮಸೀದಿ. ಅದಕ್ಕೆ ಇಟ್ಟಿಗೆ ಹೊತ್ತವರಲ್ಲಿ ಅವರೂ ಒಬ್ಬರು. ಆನಂತರ ಮುಹಾಜಿರ್ ಮತ್ತು ಅನ್ಸಾರರನ್ನು ಜೋಡಿ ಜೋಡಿಯಾಗಿ ಸಹೋದರರನ್ನಾಗಿಸಿದರು. ಅನ್ಸಾರಿಯಾದ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ನೀಡಲು ಮುಂದಾದರು. ಅವರೋ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿ ತೋರಿಸಿರೆಂದಷ್ಟೇ ಕೇಳಿಕೊಂಡರು. ಕೊಡುವವರಲ್ಲಿ ಗರ್ವವಿರಲಿಲ್ಲ, ಪಡೆಯಬೇಕಾದವರಲ್ಲಿ ದೈನ್ಯವಿರಲಿಲ್ಲ. ಸಮಾನ ಸ್ಥಾನವೆಂದರೆ ಇದೇ ಅಲ್ಲವೇ?

ಆದರೂ ಮುರೈಸೀಯಲ್ಲಿ ಹಳೆಯ ಕೂಗು ಮರಳಿ ಕೇಳಿಸಿತು. ಕಪಟಿಗಳ ನಾಯಕ ಅಬ್ದುಲ್ಲಾ ಬಿನ್ ಉಬಯ್ಯ್, ಮದೀನಾಕ್ಕೆ ಮರಳಿದ ಮೇಲೆ ಬಲಿಷ್ಠರು ದುರ್ಬಲರನ್ನು ಹೊರಗಟ್ಟುವರೆಂದು ಆ ಕಿಡಿಗೆ ಗಾಳಿ ಹಾಕಿದ. ಪ್ರವಾದಿವರ್ಯರು(ಸ) ಏನು ಮಾಡಿದರು? ವಾಡಿಕೆಯಿಲ್ಲದ ಹೊತ್ತಿನಲ್ಲಿ ಸೇನೆಗೆ ಪ್ರಯಾಣದ ಆಜ್ಞೆ ನೀಡಿದರು. ಆ ಹಗಲು, ಆ ರಾತ್ರಿ, ಮರುದಿನ ಬಿಸಿಲೇರುವವರೆಗೂ ಎಲ್ಲರೂ ಜೊತೆಯಾಗಿ ನಡೆದರು. ಇಳಿದೊಡನೆ ದಣಿವಿನಿಂದ ನಿದ್ರೆಗೆ ಜಾರಿದರು. ಹಿಂದಿನ ದಿನದ ಮಾತನ್ನು ಆಡಿಕೊಳ್ಳಲು ಯಾರಿಗೂ ಬಿಡುವು ಸಿಗಲಿಲ್ಲ. ಜನರ ಮನಸ್ಸನ್ನು ಆ ಮಾತಿನಿಂದ ತಿರುಗಿಸುವುದೇ ಇದರ ಉದ್ದೇಶವಾಗಿತ್ತೆಂದು ಸೀರಾಕಾರರು ಬರೆದಿದ್ದಾರೆ.

ನಮ್ಮ ವಿರುದ್ಧದ ಪೂರ್ವಾಗ್ರಹದಿಂದ ನಾವು ನೊಂದಿದ್ದೇವೆ, ನಿಜ. ಆದರೆ ನಮ್ಮ ಮನೆಯೊಳಗೂ ಒಮ್ಮೆ ಕಿವಿಗೊಡೋಣ. ಬ್ಯಾರಿ, ನವಾಯತ್, ಉರ್ದು ಭಾಷಿಕ, ಪಿಂಜಾರ ಎಂಬ ಹೆಸರುಗಳು ಪರಿಚಯಕ್ಕಾಗಿ ಇವೆಯೋ, ಕೀಳಾಗಿ ಕಾಣುವುದಕ್ಕೋ? ಮದುವೆಯ ಮಾತು ಬಂದಾಗ ನಮ್ಮ ನಾಲಗೆ ಏನು ನುಡಿಯುತ್ತದೆ? ನೆರೆಯ ಹಿಂದೂ, ಕ್ರೈಸ್ತ ಬಂಧುಗಳ ಕುರಿತು ಊಟದ ಹೊತ್ತಿನಲ್ಲಿ ಹಿರಿಯರು ಆಡುವ ಮಾತೇ ಮಕ್ಕಳ ಎದೆಯಲ್ಲಿ ಮೊದಲ ಗೆರೆಯನ್ನು ಎಳೆಯುತ್ತದೆ. ಜನಾಂಗ, ಗೋತ್ರಗಳು ಪರಸ್ಪರ ಅರಿಯುವುದಕ್ಕಾಗಿ ಎಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸಿದೆ. ಹಬ್ಬಕ್ಕೆ ಬಿರಿಯಾನಿ ಹಂಚುವುದು ಒಳ್ಳೆಯದೇ. ಊರಿನ ಕೆರೆಯ ಹೂಳೆತ್ತಲು, ಶಾಲೆಯ ಸೂರು ದುರಸ್ತಿ ಮಾಡಲು ನೆರೆಯವರ ಜೊತೆ ಹೆಗಲು ಕೊಡುವುದು ಅದಕ್ಕಿಂತ ಆಳವಾಗಿ ಬೇರೂರುತ್ತದೆ.

ಆ ಕೂಗು ನಮ್ಮ ಬಾಯಿಂದ ಹೊರಡದಂತೆಯೂ, ಹೊರಟರೆ ಅದರ ದುರ್ನಾತ ಮೊದಲು ನಮಗೇ ತಿಳಿಯುವಂತೆಯೂ ಅಲ್ಲಾಹನು ಅನುಗ್ರಹಿಸಲಿ. ಆಮೀನ್.