ಹಣ್ಣಿನ ಹೆಸರು ಮತ್ತು ಬೆಳೆಗಾರರ ಸಂಘ

ಕ್ಯಾಲಿಫೋರ್ನಿಯಾದ ಆವಕಾಡೊ ಬೆಳೆಗಾರರು 1915ರಲ್ಲಿ ಲಾಸ್ ಏಂಜಲೀಸಿನಲ್ಲಿ ಸೇರಿ ಸಂಘವೊಂದನ್ನು ಕಟ್ಟಿದರು. ಅವರನ್ನು ಮೊದಲಿಗೆ ಕಾಡಿದ ಸಂಗತಿಗಳಲ್ಲಿ ಹಣ್ಣಿನ ಹೆಸರೂ ಒಂದು. ಮೊಸಳೆಯ ಚರ್ಮವನ್ನು ನೆನಪಿಸುವ ಒರಟು ಸಿಪ್ಪೆಯ ಈ ಹಣ್ಣನ್ನು ಜನರು ‘ಅಲಿಗೇಟರ್ ಪೇರ್’ ಎನ್ನುತ್ತಿದ್ದರು. ಈ ಆಡುಮಾತು ಮಾರಾಟಕ್ಕೆ ತೊಡಕೆಂದು ಸಂಘವು ಬಗೆಯಿತು. ಮೆಕ್ಸಿಕೊದ ನಹುವಾಟ್ಲ್ ಮೂಲಪದಕ್ಕೆ ಹತ್ತಿರವಾದ ‘ಅಹುವಕಾತೆ’ಯನ್ನು ಸಂಘವು ಮೊದಲು ತನ್ನ ಹೆಸರಿನಲ್ಲಿ ಇರಿಸಿಕೊಂಡಿತ್ತು, ಅದನ್ನೂ ಬೇಗನೆ ಬಿಟ್ಟು ‘ಆವಕಾಡೊ’ವನ್ನು ಆಯ್ದುಕೊಂಡಿತು. ವ್ಯಾಪಾರದ ಅನುಕೂಲವು ಎರಡು ಜನಪದಗಳ ಮಾತನ್ನು ಹೀಗೆ ಬದಿಗೆ ಸರಿಸಿತೆಂದೇ ಹೇಳಬೇಕು.

1978ರಲ್ಲಿ ರೂಪುಗೊಂಡ ಕ್ಯಾಲಿಫೋರ್ನಿಯಾ ಆವಕಾಡೊ ಆಯೋಗಕ್ಕೆ ಬೆಳೆಗಾರರ ವಂತಿಗೆಯೇ ಆಧಾರವಾಯಿತು. ಪ್ರಚಾರದೊಡನೆ ಸಂಶೋಧನೆಗೂ ಆ ಹಣ ಒದಗಿತು. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿನ ನಡುವೆ ಬೆಳೆಯುವ ಇದೇ ಹಣ್ಣು ಕನ್ನಡಿಗರ ಬಾಯಲ್ಲಿ ‘ಬೆಣ್ಣೆಹಣ್ಣು’, ‘ಬಟರ್‌ಫ್ರೂಟ್’. ಈ ಹೆಸರುಗಳು ಸಿಪ್ಪೆಯನ್ನಲ್ಲ, ತಿರುಳನ್ನು ಹಿಡಿದಿವೆ.